ಗಣಕದ ಪೆಟ್ಟಿಗೆಯೊಳಗಿನ ದೀಪಮಾಲೆ

ದಾವಣಗೆರೆಯ ದುರ್ಗಾಂಬಿಕಾ ಜಾತ್ರೆಯಲ್ಲಾಗಲಿ ಹರಿಹರದ ಗಣೇಶೋತ್ಸವದಲ್ಲಾಗಲಿ ಬಣ್ಣದ ಸೀರಿಯಲ್ ಸೆಟ್ಟುಗಳನ್ನು ನೋಡದವರು ವಿರಳ. ಅದೇ ಅಲಂಕಾರವು ಈಗ ವಿದ್ಯಾರ್ಥಿಗಳ ಕಂಪ್ಯೂಟರ್ ಕ್ಯಾಬಿನೆಟ್ಟನ್ನೂ ಹೊಕ್ಕಿದೆ. ಗಾಜಿನ ಬದಿಯುಳ್ಳ ಪೆಟ್ಟಿಗೆಯೊಳಗೆ ಎಲ್‌ಇಡಿ ಪಟ್ಟಿಯನ್ನು ಅಂಟಿಸುವುದು ಸುಲಭ. ಆದರೆ ಅದನ್ನು ತಪ್ಪು ಜಾಗಕ್ಕೆ ಜೋಡಿಸಿದರೆ ಕ್ಷಣಮಾತ್ರದಲ್ಲಿ ಸುಟ್ಟುಹೋಗಬಹುದು. ಇದೇಕೆ ಹೀಗೆ? ನಾವು ವಿಚಾರಿಸೋಣ.

ಎಲ್‌ಇಡಿ ಎಂಬುದು ಅರೆವಾಹಕದಿಂದ ಮಾಡಿದ ದೀಪ. ತಕ್ಕಷ್ಟು ವೋಲ್ಟೇಜು ಒದಗುವವರೆಗೆ ಇದು ಬೆಳಗುವುದೇ ಇಲ್ಲ. ಕೆಂಪು ದೀಪಕ್ಕೆ ಸುಮಾರು 2 ವೋಲ್ಟ್, ಹಸಿರು ಮತ್ತು ನೀಲಿ ದೀಪಗಳಿಗೆ ಸುಮಾರು 3 ವೋಲ್ಟ್ ಬೇಕು. ಆ ಮಿತಿಯನ್ನು ದಾಟಿದ ಮೇಲೆ ವೋಲ್ಟೇಜು ತುಸುವೇ ಏರಿದರೂ ಪ್ರವಾಹವು ಬಹಳವಾಗಿ ಏರುತ್ತದೆ. ಆದುದರಿಂದ ಪ್ರವಾಹವನ್ನು ಹಿಡಿತದಲ್ಲಿಡುವ ಏರ್ಪಾಡು ಇರಲೇಬೇಕು. ಈ ಮೂರು ಬಣ್ಣಗಳ ಮಿಶ್ರಣದಿಂದಲೇ ಪಟ್ಟಿಯ ಉಳಿದೆಲ್ಲ ಬಣ್ಣಗಳೂ ಉಂಟಾಗುತ್ತವೆ. ಇವುಗಳಲ್ಲಿ ಸಾಧಿಸಲು ಕಷ್ಟವಾದದ್ದು ನೀಲಿ. ಅದನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಾಮುರ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಪೇಟೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಪಟ್ಟಿಗಳು ದೊರೆಯುತ್ತವೆ. ಮೊದಲನೆಯದು 12 ವೋಲ್ಟಿನದು. ಇದಕ್ಕೆ ನಾಲ್ಕು ತಂತಿಗಳು. ಸೀರಿಯಲ್ ಸೆಟ್ಟಿನಂತೆಯೇ ಇದರಲ್ಲಿ ಒಂದೊಂದು ಬಣ್ಣದ ಮೂರು ಮೂರು ದೀಪಗಳು ಸಾಲಾಗಿ ಸೇರಿ ವೋಲ್ಟೇಜನ್ನು ಹಂಚಿಕೊಳ್ಳುತ್ತವೆ. ಮೂರು ನೀಲಿ ದೀಪಗಳಿಗೆ 9 ವೋಲ್ಟ್ ಹೋದರೆ ಮಿಕ್ಕ 3 ವೋಲ್ಟನ್ನು ರೋಧಕವು ಹೊರುತ್ತದೆ. ಇಲ್ಲಿ ಇಡೀ ಪಟ್ಟಿಗೆ ಒಮ್ಮೆಗೆ ಒಂದೇ ಬಣ್ಣ. ಎರಡನೆಯದು 5 ವೋಲ್ಟಿನದು. ಇದಕ್ಕೆ ಮೂರು ತಂತಿಗಳು. ಇದರ ದೀಪಗಳನ್ನು ಪುಟ್ಟ ಚಿಪ್ಪುಗಳು ನಡೆಸುವುದರಿಂದ ಒಂದೊಂದು ದೀಪವೂ ಬೇರೆ ಬೇರೆ ಬಣ್ಣ ತಾಳಬಲ್ಲದು.

12 ವೋಲ್ಟಿನ ಪಟ್ಟಿಗೆ 5 ವೋಲ್ಟ್ ಕೊಟ್ಟರೆ, ಸಾಲಿನ ಮೂರು ದೀಪಗಳಿಗೆ ಅದು ಸಾಲದೆ ಪಟ್ಟಿ ಬೆಳಗದು, ಹಾನಿಯೂ ಇಲ್ಲ. 5 ವೋಲ್ಟಿನ ಪಟ್ಟಿಗೆ 12 ವೋಲ್ಟ್ ಕೊಟ್ಟರೆ ಚಿಪ್ಪು ತಾಳಲಾರದು. ಆದಕಾರಣ ಕೊಳ್ಳುವ ಮೊದಲೇ ಮದರ್‌ಬೋರ್ಡಿನ ಕೈಪಿಡಿಯಲ್ಲಿ ವೋಲ್ಟೇಜನ್ನು ನೋಡತಕ್ಕದ್ದು. ಪ್ಲಗ್ಗು ಕೂಡದಿದ್ದರೆ ಬಲವಂತವಾಗಿ ತುರುಕಬಾರದು.

ಇನ್ನು ಪ್ರವಾಹದ ಮಾತು. ಹರಿಹರದ ಬಳಿಯ ರಾಜನಹಳ್ಳಿಯಲ್ಲಿ ತುಂಗಭದ್ರೆಯ ನೀರನ್ನೆತ್ತಿ ದಾವಣಗೆರೆಗೆ ಹರಿಸುತ್ತಾರೆ. ಅಲ್ಲಿ ಪಂಪು ಕೊಡುವ ಒತ್ತಡ ಬೇರೆ, ಕೊಳವೆಯಲ್ಲಿ ಹರಿಯುವ ನೀರಿನ ಮೊತ್ತ ಬೇರೆ. ವೋಲ್ಟೇಜು ಒತ್ತಡದಂತೆ, ಪ್ರವಾಹವು ಹರಿವಿನಂತೆ. 5 ವೋಲ್ಟಿನ ಪಟ್ಟಿಯಲ್ಲಿ ಬಣ್ಣಕ್ಕೆ 20 ಮಿಲಿಆಂಪೇರ್‌ನಂತೆ ಹಿಡಿದರೆ, ಪೂರ್ಣ ಬಿಳುಪಿಗೆ ದೀಪವೊಂದಕ್ಕೆ 60 ಮಿಲಿಆಂಪೇರ್. 30 ದೀಪಗಳಿಗೆ 1.8 ಆಂಪೇರ್, ಅಂದರೆ 9 ವ್ಯಾಟ್. ಮದರ್‌ಬೋರ್ಡಿನ ಮಿತಿ 3 ಆಂಪೇರ್ ಎಂದಿದ್ದರೆ 50 ದೀಪಗಳಿಗೆ ಅದು ಮುಗಿಯಿತು. ಫ್ಯಾನುಗಳ ದೀಪಗಳನ್ನೂ ಈ ಲೆಕ್ಕಕ್ಕೆ ಸೇರಿಸಬೇಕು.

ಜೋಡಿಸುವಾಗ ವಿದ್ಯುತ್ ಸಂಪರ್ಕವನ್ನು ಪೂರ್ಣವಾಗಿ ತೆಗೆಯಬೇಕು. ಮೈಯ ಸ್ಥಿರವಿದ್ಯುತ್ತು ಕಳೆಯಲು ಪೆಟ್ಟಿಗೆಯ ಲೋಹವನ್ನು ಮುಟ್ಟಬೇಕು. ಧೂಳೊರೆಸಿದ ಒಣ ಅಂಚಿನಲ್ಲಿ, ಪಟ್ಟಿ ಕಣ್ಣಿಗೆ ಬೀಳದೆ ಅದರ ಬೆಳಕು ಮಾತ್ರ ಗೋಡೆಗೆ ತಾಗಿ ಹರಡುವಂತೆ ಅಂಟಿಸಿದರೆ ಅಂದ ಹೆಚ್ಚು. ತಂತಿಗಳು ಫ್ಯಾನಿನ ರೆಕ್ಕೆಗೆ ತಗುಲಬಾರದು.

ಕೊನೆಗೊಂದು ಲೆಕ್ಕ: ಮೇಲಿನ 30 ದೀಪಗಳೂ ಕೆಂಪಾಗಿ ಮಾತ್ರ ಬೆಳಗಿದರೆ ಪ್ರವಾಹವೆಷ್ಟು? ಓದುಗರು ಮಾಡಿ ನೋಡಲಿ.