ಟ್ರಾಕ್ಟರಿನ ಬ್ಯಾಟರಿ: ಬದಲಿಸುವ ಮೊದಲು ಅಳೆಯಿರಿ

ಹಿಂಗಾರಿ ಜೋಳದ ಬಿತ್ತನೆಗೆ ಭೂಮಿಯ ಹಸಿ ಕೆಲವೇ ದಿನ ಕಾಯುತ್ತದೆ. ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕರಿನೆಲದ ಒಕ್ಕಲಿಗರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಂಥ ಸಮಯದಲ್ಲಿಯೇ, ತಿಂಗಳುಗಟ್ಟಲೆ ನಿಂತಿದ್ದ ಟ್ರಾಕ್ಟರು ಕೀಲಿ ತಿರುವಿದರೆ ‘ಟಕ್’ ಎಂದು ಸುಮ್ಮನಾಗುವುದುಂಟು. ಕೂಡಲೇ “ಬ್ಯಾಟರಿ ಸತ್ತಿತು” ಎಂದು ಪೇಟೆಗೆ ಓಡುವವರೇ ಹೆಚ್ಚು. ಸಾವಿರಾರು ರೂಪಾಯಿ ಕೊಟ್ಟು ಹೊಸದನ್ನು ತಂದ ಎರಡು ವಾರದಲ್ಲಿ ಅದೇ ರೋಗ ಮರುಕಳಿಸಿದರೆ, ರೋಗವು ಬೇರೆಡೆ ಇತ್ತೆಂದೇ ತಿಳಿಯತಕ್ಕದ್ದು. ಹಾಗಾಗದಂತೆ ಮನೆಯಲ್ಲಿಯೇ ಪರೀಕ್ಷಿಸುವ ಬಗೆಯನ್ನು ಇಲ್ಲಿ ವಿವರಿಸಿದೆ.

ಮೂರು ಅಂಗಗಳು

ಈ ವ್ಯವಸ್ಥೆಯನ್ನು ನಮ್ಮ ಬಾವಿಯ ನೀರಾವರಿಗೆ ಹೋಲಿಸಬಹುದು. ಎಂಜಿನ್ನಿನ ಪಟ್ಟಿಯಿಂದ ತಿರುಗುವ ಆಲ್ಟರ್ನೇಟರು ಪಂಪಿದ್ದಂತೆ, ಬ್ಯಾಟರಿಯು ತೊಟ್ಟಿ, ತಂತಿಗಳು ಕಾಲುವೆ. ಹೊಲಕ್ಕೆ ನೀರು ಬಾರದಿದ್ದರೆ ತೊಟ್ಟಿಯನ್ನೇ ಒಡೆದು ಕಟ್ಟುವವರುಂಟೆ? ಪಂಪು ನಿಂತಿದೆಯೋ, ಕಾಲುವೆ ಹೂಳಿದೆಯೋ ಎಂದು ಮೊದಲು ನೋಡುತ್ತೇವೆ. ಇಲ್ಲಿಯೂ ಹಾಗೆಯೇ ನೋಡಬೇಕು.

ಸೀಸದ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗ್ಯಾಸ್ತೋಂ ಪ್ಲಾಂತೆ ಕಂಡುಹಿಡಿದರು. ಅದರ ತತ್ತ್ವ ಇಂದಿಗೂ ಅದೇ. ಸೀಸದ ಫಲಕಗಳು ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ತುಂಬಿದ ಒಂದೊಂದು ಕೋಶವು ಸುಮಾರು 2.1 ವೋಲ್ಟ್ ಕೊಡುತ್ತದೆ. ಆರು ಕೋಶ ಸೇರಿ 12.6 ವೋಲ್ಟ್ ಆಗುತ್ತದೆ.

ಮೊದಲು ಎಚ್ಚರ

ಚಾರ್ಜಾಗುವ ಬ್ಯಾಟರಿಯಿಂದ ಜಲಜನಕ ಅನಿಲವು ಹೊರಡುತ್ತದೆ. ಒಂದು ಕಿಡಿ ಸಾಕು, ಅದು ಸಿಡಿದು ಆಮ್ಲವು ಕಣ್ಣಿಗೆ ಎರಚುವುದು. ಬೀಡಿ, ಕಡ್ಡಿ, ದೀಪ ಹತ್ತಿರ ಬರಕೂಡದು. ಕೈಬಳೆ, ಉಂಗುರ ತೆಗೆದಿಡಿ. ತಂತಿ ಬಿಚ್ಚುವಾಗ ಎಂಜಿನ್ನಿನ ಮೈಗೆ ಜೋಡಿಸಿದ ಋಣ ತಂತಿಯನ್ನು ಮೊದಲು ಬಿಚ್ಚಬೇಕು. ಜೋಡಿಸುವಾಗ ಅದನ್ನು ಕೊನೆಗೆ ಜೋಡಿಸಬೇಕು.

ಮೂರು ಅಳತೆಗಳು

ಒಂದು ಸಾಧಾರಣ ಮಲ್ಟಿಮೀಟರು ಇದ್ದರೆ ಸಾಕು. ಅದನ್ನು ಡಿ.ಸಿ. 20 ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಧನ ಕಂಬಕ್ಕೂ ಕರಿ ಕಡ್ಡಿಯನ್ನು ಋಣ ಕಂಬಕ್ಕೂ ಮುಟ್ಟಿಸಿ.

ಮೊದಲನೆಯದು, ವಿಶ್ರಾಂತಿಯ ಅಳತೆ. ರಾತ್ರಿಯೆಲ್ಲ ನಿಂತ ಟ್ರಾಕ್ಟರಿನಲ್ಲಿ ಬೆಳಿಗ್ಗೆ ನೋಡಿ. 12.6 ಇದ್ದರೆ ತುಂಬಿದೆ, 12.2 ಇದ್ದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿಳಿದಿದ್ದರೆ ಬಹುಮಟ್ಟಿಗೆ ಬರಿದಾಗಿದೆ. ಬರಿದಾದದ್ದು ಸತ್ತದ್ದಲ್ಲ, ಅದನ್ನು ಮೊದಲು ಪೂರ್ಣ ಚಾರ್ಜು ಮಾಡಿಸಿ, ಆಮೇಲೆ ಮುಂದಿನ ಪರೀಕ್ಷೆ ನಡೆಸಿರಿ.

ಎರಡನೆಯದು, ಎಂಜಿನ್ ಎಬ್ಬಿಸುವಾಗಿನ ಅಳತೆ. ಒಬ್ಬರು ಆಸನದಲ್ಲಿ ಕುಳಿತು, ಗೇರು ತಪ್ಪಿಸಿ, ಕ್ಲಚ್ಚು ಒತ್ತಿ ಕೀಲಿ ತಿರುವಲಿ. ಇನ್ನೊಬ್ಬರು ಮೀಟರು ನೋಡಲಿ. 10 ಸೆಕೆಂಡಿಗಿಂತ ಹೆಚ್ಚು ತಿರುವಬೇಡಿ. ತುಂಬಿದ ಬ್ಯಾಟರಿಯೂ 9.6 ವೋಲ್ಟಿಗಿಂತ ಕೆಳಗೆ ಕುಸಿದರೆ ಅದರ ಬಲ ಕುಗ್ಗಿದೆಯೆಂದು ಶಂಕಿಸಬೇಕು. ಆದರೆ ಬ್ಯಾಟರಿಯಲ್ಲಿ 12 ವೋಲ್ಟಿಗಿಂತ ಹೆಚ್ಚು ನಿಂತಿದ್ದೂ ಸ್ಟಾರ್ಟರು ‘ಟಕ್’ ಎಂದಷ್ಟೇ ಅಂದರೆ, ಕಾಲುವೆ ಹೂಳಿರಬಹುದು. ಆಗ ಋಣ ಕಂಬಕ್ಕೂ ಎಂಜಿನ್ನಿನ ಬರಿ ಲೋಹಕ್ಕೂ ಮೀಟರು ಹಿಡಿದು ಕೀಲಿ ತಿರುವಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಆ ತಂತಿ ಅಥವಾ ಅದರ ಬೆಸುಗೆ ಕೆಟ್ಟಿದೆ. ಧನ ಕಂಬಕ್ಕೂ ಸ್ಟಾರ್ಟರಿನ ದಪ್ಪ ತಂತಿಯ ಬೋಲ್ಟಿಗೂ ಇದೇ ಪರೀಕ್ಷೆ. ಎರಡೂ ಸರಿಯಿದ್ದರೆ ದೋಷವನ್ನು ಸ್ಟಾರ್ಟರಿನಲ್ಲಿ ಹುಡುಕಬೇಕು.

ಮೂರನೆಯದು, ಎಂಜಿನ್ ಓಡುವಾಗಿನ ಅಳತೆ. ನಡುವೇಗದಲ್ಲಿ 13.8ರಿಂದ 14.5 ವೋಲ್ಟ್ ಬರಬೇಕು. ಏರದೆ 12ರ ಆಸುಪಾಸಿನಲ್ಲಿಯೇ ನಿಂತರೆ ಚಾರ್ಜು ಆಗುತ್ತಿಲ್ಲ. ಎಂಜಿನ್ ನಿಲ್ಲಿಸಿ ಮೊದಲು ಪಟ್ಟಿ ನೋಡಿರಿ: ಸಡಿಲವೋ, ಎಣ್ಣೆ ತಗುಲಿ ಜಾರುತ್ತಿದೆಯೋ? ಅನಂತರ ಫ್ಯೂಸು, ಆಲ್ಟರ್ನೇಟರಿನ ಹಿಂದಿನ ತಂತಿಗಳು. ಇವೆಲ್ಲ ಸರಿಯಿದ್ದರೆ ಮಾತ್ರ ಒಳಗಿನ ಇದ್ದಲಿನ ಕುಂಚ, ಡಯೋಡುಗಳಿಗಾಗಿ ಮೇಸ್ತ್ರಿಯ ಬಳಿ ಹೋಗತಕ್ಕದ್ದು. 15 ವೋಲ್ಟ್ ದಾಟಿದರೆ ರೆಗ್ಯುಲೇಟರು ಕೆಟ್ಟಿದೆ. ಬ್ಯಾಟರಿಯ ನೀರು ಕುದಿದು ಬತ್ತುವುದು.

ಕೆಂಪು ದೀಪದ ಮಾತು

ಕೀಲಿ ತಿರುವಿದಾಗ ಚಾರ್ಜಿನ ಕೆಂಪು ದೀಪ ಹೊತ್ತಬೇಕು, ಎಂಜಿನ್ ಎದ್ದ ಮೇಲೆ ಆರಬೇಕು. ಮೊದಲೇ ಹೊತ್ತದಿದ್ದರೆ ನಿರ್ಲಕ್ಷಿಸಬೇಡಿ. ಅನೇಕ ಆಲ್ಟರ್ನೇಟರುಗಳಿಗೆ ಆರಂಭದ ವಿದ್ಯುತ್ತು ಈ ದೀಪದ ಮೂಲಕವೇ ಹೋಗುತ್ತದೆ. ಸಣ್ಣ ಬಲ್ಬು ಸುಟ್ಟರೆ ದೊಡ್ಡ ಯಂತ್ರವು ಚಾರ್ಜು ಮಾಡದೆ ಕೂರಬಹುದು. ಎಂಜಿನ್ ಓಡುವಾಗ ಬ್ಯಾಟರಿಯ ತಂತಿ ಕಿತ್ತು ಪರೀಕ್ಷಿಸುವ ಹಳೆಯ ಪದ್ಧತಿಯನ್ನೂ ಬಿಡಬೇಕು. ಅದರಿಂದ ಡಯೋಡುಗಳು ಸುಡುತ್ತವೆ.

ಪ್ರಾಣದ ಪ್ರಶ್ನೆ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಕೀಲಿಯಿಂದ ಏಳದ ಟ್ರಾಕ್ಟರನ್ನು ನೆಲದ ಮೇಲೆ ನಿಂತು, ಸ್ಟಾರ್ಟರಿನ ಎರಡು ಬೋಲ್ಟುಗಳಿಗೆ ತಿರುಪುಳಿ ಅಡ್ಡ ಹಿಡಿದು ಎಬ್ಬಿಸುವವರಿದ್ದಾರೆ. ಗೇರಿನಲ್ಲಿದ್ದರೆ ಎಂಜಿನ್ ಏಳದಂತೆ ತಡೆಯುವ ಕಾವಲು ಗುಂಡಿ ಆಗ ಕೆಲಸ ಮಾಡುವುದಿಲ್ಲ. ಟ್ರಾಕ್ಟರು ಥಟ್ಟನೆ ಮುಂದೆ ಹೋಗಿ ಹಿಂಗಾಲಿಯು ನಿಂತವನ ಮೇಲೆಯೇ ಹರಿಯುವುದು. ಒಂದು ದಿನದ ಬಿತ್ತನೆಗಾಗಿ ಈ ಸಾಹಸ ಬೇಡ. ಮಕ್ಕಳಿಗೂ ಆಳುಗಳಿಗೂ ಇದನ್ನು ಕಟ್ಟುನಿಟ್ಟಾಗಿ ಹೇಳಿರಿ.

ನೆನಪಿಡತಕ್ಕವು

1. ಕಂಬಗಳ ಮೇಲಿನ ಬಿಳಿ-ಹಸಿರು ಬೂಷ್ಟನ್ನು ಅಡಿಗೆ ಸೋಡಾ ಕಲಸಿದ ನೀರಿನಿಂದ ತೊಳೆಯಿರಿ. ಆ ನೀರು ಕೋಶದೊಳಗೆ ಇಳಿಯಬಾರದು. ಒರೆಸಿ, ಬಿಗಿದು, ವ್ಯಾಸಲೀನು ಸವರಿರಿ.

2. ಮುಚ್ಚಳವುಳ್ಳ ಬ್ಯಾಟರಿಗೆ ಭಟ್ಟಿ ಇಳಿಸಿದ ನೀರನ್ನೇ ಹಾಕಿರಿ. ಬಾವಿಯ ನೀರೂ ಬೇಡ, ಆಮ್ಲವೂ ಬೇಡ.

3. ಟ್ರಾಕ್ಟರು ಬಹುದಿನ ನಿಲ್ಲುವುದಾದರೆ ಬ್ಯಾಟರಿಯನ್ನು ತುಂಬಿಸಿ ಋಣ ತಂತಿ ಬಿಚ್ಚಿಡಿ. ತಿಂಗಳಿಗೊಮ್ಮೆ ಅಳೆದು, 12.4ಕ್ಕೆ ಇಳಿದರೆ ಮತ್ತೆ ತುಂಬಿಸಿರಿ. ಬರಿದಾಗಿ ನಿಂತ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕಟ್ಟಿ, ಅದು ಮತ್ತೆ ಚೇತರಿಸದು.

4. ತಂತಿ ಬಿಚ್ಚಿಟ್ಟ ರಾತ್ರಿ ಉಳಿಯುವ ಚಾರ್ಜು, ಜೋಡಿಸಿದ ರಾತ್ರಿ ಇಳಿದರೆ ಟ್ರಾಕ್ಟರಿನಲ್ಲೆಲ್ಲೋ ಸೋರಿಕೆಯಿದೆ. ಆಮೇಲೆ ಸೇರಿಸಿದ ದೀಪ, ರೇಡಿಯೋ ತಂತಿಗಳನ್ನು ಮೊದಲು ನೋಡಿ.

ಮೂರೂ ಅಳತೆಗಳನ್ನು ಈ ವಾರವೇ ತೆಗೆದು, ತಾರೀಖಿನೊಡನೆ ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಿ. ಬಿತ್ತನೆಯ ಮುನ್ನಾದಿನ ಆ ಅಂಕಿಗಳು ನಿಮ್ಮ ಹಣವನ್ನೂ ಹಸಿಯನ್ನೂ ಉಳಿಸಿಯಾವು.