ಮೊದಲು ಚುಕ್ಕಿ, ಆಮೇಲೆ ಗೆರೆ
(ಬರೆಯಲು ಹಿಂಜರಿಯುವ ಮಕ್ಕಳ ತಂದೆತಾಯಿಗಳಿಗೊಂದು ಪಾಠ)



ನಮ್ಮ ವಾಚನಾಲಯಕ್ಕೆ ಪತ್ರಿಕೆ ಓದಲು ಬರುವ ಅನೇಕರಿಂದ ನಾವು ಕೇಳುವ ದೂರು ಒಂದೇ: “ಹುಡುಗ ಮಾತಿಗೆ ನಿಂತರೆ ನಿಲ್ಲಿಸುವುದಿಲ್ಲ, ನಿಬಂಧ ಬರೆ ಎಂದರೆ ಮಾತ್ರ ಪೆನ್ಸಿಲು ಕಚ್ಚುತ್ತ ಕೂರುತ್ತಾನೆ. ಏನೂ ಹೊಳೆಯುವುದಿಲ್ಲವಂತೆ.” ದಿನವೆಲ್ಲ ದುಡಿದು ರಾತ್ರಿ ಮನೆ ಸೇರಿದ ತಂದೆಯಲ್ಲಿ ಅಷ್ಟು ಹೊತ್ತಿಗೆ ತಾಳ್ಮೆ ಉಳಿದಿರುವುದಿಲ್ಲ. ಒಂದು ಏಟು ಬೀಳುತ್ತದೆ. ಇಲ್ಲವೆ ತಂದೆಯೇ ಹೇಳಿ ಬರೆಸುತ್ತಾನೆ. ಈ ಎರಡರಿಂದಲೂ ಮಗು ಬರೆಯಲು ಕಲಿಯುವುದಿಲ್ಲ. ತಾನು ದಡ್ಡ ಎಂಬುದನ್ನು ಮಾತ್ರ ಕಲಿಯುತ್ತದೆ.

ಹೊಳೆಯುವುದಿಲ್ಲ ಎಂಬ ಮಾತು ಬಹುಮಟ್ಟಿಗೆ ನಿಜವಲ್ಲ. ಸಂಜೆಯ ಲೋಕಲ್ ಗಾಡಿಯ ಬಾಗಿಲಲ್ಲಿ ಎಲ್ಲರೂ ಒಮ್ಮೆಗೇ ಇಳಿಯಲು ನೋಡಿದರೆ ಯಾರೂ ಇಳಿಯಲಾರರು. ಮಗುವಿನ ತಲೆಯಲ್ಲಿ ಆಗುವುದೂ ಅದೇ. ವಿಷಯ ಹುಡುಕಬೇಕು, ಕ್ರಮ ಹಚ್ಚಬೇಕು, ವಾಕ್ಯ ಕಟ್ಟಬೇಕು, ಕಾಗುಣಿತ ತಪ್ಪಬಾರದು. ನಾಲ್ಕು ಕೆಲಸ ಒಟ್ಟಿಗೆ! ನಮ್ಮ ಮಕ್ಕಳಿಗೆ ಐದನೆಯದೂ ಉಂಟು: ಮನೆಯ ಮಾತು ಕನ್ನಡ ಅಥವಾ ತುಳು, ಶಾಲೆಯ ಬರಹ ಮರಾಠಿ ಇಲ್ಲವೆ ಇಂಗ್ಲಿಷ್. ಆದ್ದರಿಂದ ಈ ಕೆಲಸಗಳನ್ನು ಬೇರೆಬೇರೆ ಮಾಡಿಕೊಡುವುದೇ ಉಪಾಯ.

ಮನೆಯ ಮುಂದೆ ರಂಗೋಲಿ ಹಾಕುವ ಕ್ರಮವನ್ನು ನೆನೆಯಿರಿ. ಮೊದಲು ಚುಕ್ಕಿ ಎಣಿಸಿ ಇಡುತ್ತಾರೆ, ಆಮೇಲೆ ಗೆರೆ ಎಳೆಯುತ್ತಾರೆ. ಬರಹಕ್ಕೂ ಹಾಗೆಯೇ ಮೊದಲು ಚುಕ್ಕಿ ಇಡಿಸೋಣ. ಬೇಕಾದದ್ದು ಹಳೆಯ ಕ್ಯಾಲೆಂಡರಿನ ಬೆನ್ನು ಮತ್ತು ಒಂದು ಪೆನ್ಸಿಲು. ನೆಲದ ಮೇಲೆ ಸೀಮೆಸುಣ್ಣವಾದರೂ ಆದೀತು. ಇಲ್ಲಿ ಮುಂಬಯಿಯ ಮಕ್ಕಳಿಗೆಲ್ಲ ಗೊತ್ತಿರುವ ‘ಮಳೆಗಾಲ’ ಎಂಬ ವಿಷಯವನ್ನೇ ತೆಗೆದುಕೊಳ್ಳೋಣ.

ಮೊದಲನೆಯದು: ಜೇಡರ ಬಲೆ

ಹಾಳೆಯ ನಡುವೆ ಒಂದು ವೃತ್ತ. ಒಳಗೆ ‘ಮಳೆ’ ಎಂದು ಬರೆಯಿರಿ. ಸುತ್ತ ಐದು ಗೆರೆ ಎಳೆದು ಕೇಳಿರಿ: ಏನು ನೋಡಿದೆ? ಏನು ಕೇಳಿದೆ? ಯಾವ ವಾಸನೆ? ಏನು ತಿಂದೆ? ಯಾವುದಕ್ಕೆ ಹೆದರಿದೆ? ಮಗು ಹೇಳಿದ್ದನ್ನು ಒಂದೆರಡು ಶಬ್ದಗಳಲ್ಲಿ ಗೆರೆಯ ತುದಿಗೆ ಬರೆಯಿರಿ: ತಗಡಿನ ಸದ್ದು, ಒಣಗದ ಬಟ್ಟೆ, ಬಿಸಿ ಬಜ್ಜಿ, ಹಳಿಯ ಮೇಲೆ ನೀರು. ಕನ್ನಡದಲ್ಲಿ ಹೇಳಿದರೆ ಕನ್ನಡದಲ್ಲೇ ಇರಲಿ. ಶಾಲೆಯ ಭಾಷೆಗೆ ಅದನ್ನು ಆಮೇಲೆ ತಿರುಗಿಸಬಹುದು. ನಿಮಗೆ ಅಕ್ಷರ ಬಾರದಿದ್ದರೂ ಚಿಂತೆಯಿಲ್ಲ. ಮಗು ಚಿತ್ರ ಬಿಡಿಸಲಿ, ನೀವು ಪ್ರಶ್ನೆ ಕೇಳಿರಿ. ಇಂಥ ನಕ್ಷೆಯನ್ನು ಟೋನಿ ಬುಜಾನ್ ಎಂಬ ಇಂಗ್ಲಿಷ್ ಲೇಖಕರು 1974ರಲ್ಲಿ ಬಿ.ಬಿ.ಸಿ.ಯ ದೂರದರ್ಶನ ಪಾಠಗಳ ಮೂಲಕ ‘ಮೈಂಡ್ ಮ್ಯಾಪ್’ ಎಂಬ ಹೆಸರಿನಿಂದ ಜನಪ್ರಿಯಗೊಳಿಸಿದರು.

ಎರಡನೆಯದು: ಚೀಟಿ ಮತ್ತು ಮೂರು ಮನೆ

ಬಲೆಯಲ್ಲಿ ಸಿಕ್ಕ ಶಬ್ದಗಳನ್ನು ಒಂದೊಂದು ಚೀಟಿಯಲ್ಲಿ ಬರೆಯಿಸಿರಿ. ನೆಲದ ಮೇಲೆ ಮೂರು ಮನೆ ಗೀಚಿರಿ: ಮೊದಲು, ನಡುವೆ, ಕೊನೆಗೆ. ಯಾವ ಚೀಟಿ ಯಾವ ಮನೆಗೆ ಎಂಬುದನ್ನು ಮಗುವೇ ಇಟ್ಟು ನೋಡಲಿ. ಚೀಟಿಯನ್ನು ಸರಿಸುವುದು ಸುಲಭ. ಬರೆದದ್ದನ್ನು ಅಳಿಸುವುದು ಬೇಸರ. ಯಾವ ಮನೆಗೂ ಹೊಂದದ ಚೀಟಿಯನ್ನು ಬದಿಗಿಡಿಸಿರಿ. ಬಿಡುವುದನ್ನು ಕಲಿಯುವುದೂ ಬರಹದ ಪಾಠವೇ.

ದೊಡ್ಡ ಮಕ್ಕಳಿಗೆ ಇದೇ ಮನೆಗಳಲ್ಲಿ 2005ರ ಜುಲೈ 26ನ್ನು ಹಚ್ಚಬಹುದು. ಅಂದು ಸಾಂತಾಕ್ರೂಜ್‌ನಲ್ಲಿ 24 ತಾಸುಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಲೋಕಲ್ ಗಾಡಿಗಳು ನಿಂತವು. ಜನ ನೀರಿನಲ್ಲೇ ನಡೆದು ಮನೆ ಸೇರಿದರು. ಕಂಡವರು ಮನೆಯಲ್ಲಿದ್ದರೆ ಮಗು ಕೇಳಿ ಚೀಟಿ ತುಂಬಲಿ. ತಂದೆತಾಯಿ ಪಟ್ಟ ಪಾಡು ಎಷ್ಟೋ ಮಕ್ಕಳಿಗೆ ತಿಳಿಯುವುದೇ ಹೀಗೆ.

ಮೂರನೆಯದು: ಎರಡು ಬಳೆ

ಹೋಲಿಕೆಯ ನಿಬಂಧಕ್ಕೆ ಒಂದರ ಅಂಚು ಇನ್ನೊಂದರೊಳಗೆ ಬರುವಂತೆ ಎರಡು ಬಳೆ ಇಟ್ಟು ಗೆರೆ ಎಳೆಯಿರಿ. ಜಾನ್ ವೆನ್ ಎಂಬ ಇಂಗ್ಲಿಷ್ ತರ್ಕಶಾಸ್ತ್ರಜ್ಞರು 1880ರಲ್ಲಿ ಪ್ರಚಾರಕ್ಕೆ ತಂದ ಚಿತ್ರವಿದು. ಎಡಕ್ಕೆ ‘ಊರಿನ ಮಳೆ’: ಗದ್ದೆಯ ನಾಟಿ, ಕಪ್ಪೆಯ ಕೂಗು. ಬಲಕ್ಕೆ ‘ಮುಂಬಯಿಯ ಮಳೆ’: ನಿಂತ ಲೋಕಲ್, ಸಮುದ್ರದ ಭರತಿ. ಎರಡೂ ಸೇರುವ ನಡುವೆ: ಕೊಡೆ, ಕೆಸರು, ಅಮ್ಮನ ಕಾಳಜಿ. ನೋಡಿರಿ, ಮೂರು ಪರಿಚ್ಛೇದಗಳು ಆಗಲೇ ತಯಾರು.

ಇನ್ನು ಗೆರೆ ಎಳೆಯುವ ಕೆಲಸ. ಒಂದು ಚೀಟಿಗೆ ಒಂದು ವಾಕ್ಯ. ಮೊದಲು ಬಾಯಲ್ಲಿ ಹೇಳಲಿ, ಆಮೇಲೆ ಬರೆಯಲಿ. ‘ತಗಡಿನ ಸದ್ದು’ ಎಂಬ ಚೀಟಿ “ರಾತ್ರಿ ತಗಡಿನ ಮೇಲೆ ಮಳೆ ಬಿದ್ದು ನನಗೆ ಎಚ್ಚರವಾಯಿತು” ಎಂದಾಗುತ್ತದೆ. ಇಂಥ ಆರು ವಾಕ್ಯಗಳಾದರೆ ಆ ದಿನಕ್ಕೆ ಸಾಕು.

ಕೆಲವು ಎಚ್ಚರಿಕೆಗಳು

ನಕ್ಷೆಯಲ್ಲಿ ಕಾಗುಣಿತ ತಿದ್ದಬೇಡಿರಿ. ಅದು ಕೊನೆಯ ಕೆಲಸ. ಉತ್ತರವನ್ನು ನೀವೇ ಹೇಳಬೇಡಿರಿ. ಆರಂಭದಲ್ಲಿ ಮಗು ಪೆನ್ಸಿಲು ಹಿಡಿಯಲೊಲ್ಲದಿದ್ದರೆ ನೀವು ಬರೆದುಕೊಳ್ಳಿರಿ. ಆದರೆ ಶಬ್ದ ಅದರದೇ ಇರಲಿ. ಒಮ್ಮೆಗೆ ಒಂದೇ ಚಿತ್ರ, ಇಪ್ಪತ್ತು ನಿಮಿಷ ಮೀರದಂತೆ. ಪಕ್ಕದ ಖೋಲಿಯ ಮಗುವಿನ ಹೋಲಿಕೆ ಬೇಡವೇ ಬೇಡ.

ಇಷ್ಟೆಲ್ಲ ಮಾಡಿದರೂ ಎಷ್ಟೋ ತಿಂಗಳು ಅಕ್ಷರಗಳು ಹಿಂದುಮುಂದಾಗುತ್ತಿದ್ದರೆ, ಓದುವುದೂ ಕಷ್ಟವಾಗಿದ್ದರೆ, ಅದು ಸೋಮಾರಿತನವೆಂದು ತಿಳಿಯಬಾರದು. ಡಿಸ್ಲೆಕ್ಸಿಯಾ ಎಂಬ ತೊಡಕು ಬುದ್ಧಿವಂತ ಮಕ್ಕಳಲ್ಲಿಯೂ ಇರುತ್ತದೆ. ಶಾಲೆಯ ಶಿಕ್ಷಕರೊಡನೆ ಮಾತಾಡಿ ತಜ್ಞರಿಗೆ ತೋರಿಸಿರಿ. ಸಾಯನ್‌ನಲ್ಲಿರುವ ಲೋಕಮಾನ್ಯ ತಿಲಕ ಆಸ್ಪತ್ರೆ ನಗರಪಾಲಿಕೆಯದು. ಇಂಥ ಮಕ್ಕಳ ಪರೀಕ್ಷೆಯ ವ್ಯವಸ್ಥೆ ಅಲ್ಲಿದೆ.

ಅಭ್ಯಾಸ

ಈ ವಾರ ನಿಬಂಧ ಬೇಡ. ಊರಿನ ಅಜ್ಜಿಗೆ ಒಂದು ಕಾಗದ ಬರೆಯಿಸಿರಿ. ನಡುವಿನ ವೃತ್ತದಲ್ಲಿ ‘ಅಜ್ಜಿ’ ಎಂದಿರಲಿ. ಗೆರೆಗಳು ನಾಲ್ಕು: ಅವಳಿಗೆ ಏನು ಹೇಳಬೇಕು, ಏನು ಕೇಳಬೇಕು, ಯಾವುದು ನೆನಪಾಗುತ್ತದೆ, ಯಾವಾಗ ಬರುತ್ತೇವೆ. ಶಾಲೆಯಲ್ಲಿ ಕನ್ನಡ ಕಲಿಯದ ಮಗುವಾದರೆ ನಾಲ್ಕೇ ವಾಕ್ಯ ಸಾಕು; ಅಕ್ಷರ ತಪ್ಪಿದ್ದರೂ ತಿದ್ದದೆ ಹಾಗೆಯೇ ಅಂಚೆಗೆ ಹಾಕಿರಿ. ಅಜ್ಜಿ ಅದಕ್ಕೆ ಅಂಕ ಕೊಡುವುದಿಲ್ಲ. ಯಾರಿಂದಲಾದರೂ ಎರಡು ಸಲ ಓದಿಸಿಕೊಂಡು ಮರುಕಾಗದ ಬರೆಸುತ್ತಾಳೆ. ಆ ಕಾಗದಕ್ಕೆ ಉತ್ತರ ಬರೆಯಲು ಮಗುವನ್ನು ಯಾರೂ ಒತ್ತಾಯಿಸಬೇಕಾಗಲಿಕ್ಕಿಲ್ಲ.