ಮಾತ್ರೆ ನುಂಗಿದರೂ ರಕ್ತದೊತ್ತಡ ಇಳಿಯದಿದ್ದರೆ?

ಕೊಯ್ಲು ಮುಗಿಸಿ ಬೆಂಗಳೂರಿನ ಸಿಂಗಸಂದ್ರದಂಥ ಕಡೆ ನೌಕರಿಯಲ್ಲಿರುವ ಮಕ್ಕಳ ಮನೆಗೆ ಹೋಗುವ ಬೆಳೆಗಾರರು ನಮ್ಮಲ್ಲಿ ಅನೇಕರು. ಅಲ್ಲಿ ಪರೀಕ್ಷಿಸಿದಾಗ ರಕ್ತದೊತ್ತಡ 160/100 ಎಂದು ಕಂಡರೆ, ಮಾತ್ರೆ ನಾಟುತ್ತಿಲ್ಲವೆಂದು ನಿಲ್ಲಿಸಿಬಿಡುವವರಿದ್ದಾರೆ. ಇದು ಪಾರ್ಶ್ವವಾಯುವಿಗೆ ದಾರಿ.

ಬೋರ್ಡೋ ಹೊಡೆದರೂ ಕೊಳೆರೋಗ ನಿಲ್ಲದಿದ್ದರೆ ನಾವು ಮೊದಲು ಸುಣ್ಣ ಸರಿಯಿತ್ತೇ, ಗೊನೆಗೆ ತಾಗಿತೇ, ಎರಡನೆಯ ಸಿಂಪಡಣೆ ತಪ್ಪಿತೇ ಎಂದು ನೋಡುತ್ತೇವೆ. ಇಲ್ಲಿಯೂ ಹಾಗೆಯೇ ನೋಡೋಣ.

1. ಅಳತೆ: ಕಾಫಿ ಕುಡಿದು ಅರ್ಧ ಗಂಟೆ ಕಳೆದಿರಬೇಕು. 5 ನಿಮಿಷ ಬೆನ್ನಿಗೆ ಆಸರೆಯಿಟ್ಟು ಸುಮ್ಮನೆ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿರಿಸಿ ಎರಡು ಬಾರಿ ಅಳೆಸಬೇಕು.

2. ತಪ್ಪಿದ ದಿನಗಳು: ಊರು ಬಿಡುವಾಗ ಮಾತ್ರೆ, ಚೀಟಿ ಎರಡೂ ಜೊತೆಗಿರಲಿ.

3. ನೋವಿನ ಮಾತ್ರೆ: ಸೊಂಟನೋವಿಗೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಒತ್ತಡವನ್ನು ಏರಿಸಬಲ್ಲವು, ಒತ್ತಡದ ಮಾತ್ರೆಯ ಗುಣವನ್ನೂ ಕುಗ್ಗಿಸಬಲ್ಲವು.

4. ಉಪ್ಪು: ಉಪ್ಪಿನಕಾಯಿ, ಹಪ್ಪಳ ಎಲ್ಲ ಸೇರಿ ದಿನಕ್ಕೆ 5 ಗ್ರಾಂ ಮೀರಬಾರದು.

ಇವೆಲ್ಲ ಸರಿಯಿದ್ದು, ಮೂತ್ರ ಹೆಚ್ಚಿಸುವ ಮಾತ್ರೆಯೂ ಸೇರಿ ಮೂರು ಬಗೆಯ ಮಾತ್ರೆಗಳಿಂದಲೂ ಒತ್ತಡ 140/90ಕ್ಕಿಂತ ಕೆಳಗಿಳಿಯದಿದ್ದರೆ ಬೇರೆ ಕಾರಣ ಹುಡುಕಬೇಕು. ಮೂತ್ರಪಿಂಡದ ತೊಂದರೆ, ಅಡ್ರಿನಲ್ ಗ್ರಂಥಿಯ ದೋಷ, ನಿದ್ರೆಯಲ್ಲಿ ಉಸಿರು ಕಟ್ಟುವ ಗೊರಕೆ ಇವುಗಳಲ್ಲಿ ಮುಖ್ಯವಾದವು. ಇಂಥವರಿಗೆ ನಾಲ್ಕನೆಯ ಮಾತ್ರೆಯಾಗಿ ಸ್ಪೈರೊನೊಲ್ಯಾಕ್ಟೋನ್ ಹೆಚ್ಚು ಗುಣಕಾರಿಯೆಂದು ಬ್ರಿಟನ್ನಿನಲ್ಲಿ ನಡೆದ ಅಧ್ಯಯನವೊಂದು 2015ರಲ್ಲಿ ತೋರಿಸಿತು. ಅದನ್ನು ಕೊಡುವ ತೀರ್ಮಾನ ವೈದ್ಯರದು.

ಮಾತ್ರೆ ಬದಲಿಸಬಹುದು, ನಾವಾಗಿಯೇ ನಿಲ್ಲಿಸಬಾರದು.